ಅವರೆಕಾಳು ಹಿದುಕುವ ಕೈ ನಿಂತಾಗ

ಬೆಂಗಳೂರಿನ ತಣಿಸಂದ್ರದ ಬಾಡಿಗೆ ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯಿಂದ ಸ್ಯಾಕ್ಸೋಫೋನ್ ಕೇಳಿಸಿತು. ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ಚಹಾಪುಡಿ ಹುಡುಕುತ್ತಿದ್ದವಳು ನಿಂತಲ್ಲೇ ನಿಂತೆ. ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಬೆಳಗಿನ ಹೊತ್ತು ಪಕ್ಕದ ಮನೆಯಲ್ಲಿ ಸ್ಯಾಕ್ಸೋಫೋನ್ ಕೇಳಿದರೆ ಒಂದೋ ಮದುವೆ, ಇಲ್ಲವೇ ಗೃಹಪ್ರವೇಶ, ಅದೂ ಅಲ್ಲದಿದ್ದರೆ ಉಪನಯನ. ಸುಮ್ಮನೆ ಯಾರೂ ಊದುವುದಿಲ್ಲ.

"ಕೆಳಗೆ ಮದುವೆ ಉಂಟು ಮಾರಾಯ್ರೆ, ಏಳಿ," ಎಂದು ಗಂಡ ಹರೀಶರನ್ನು ಎಬ್ಬಿಸಿದೆ. "ಹೊಸದಾಗಿ ಬಂದವರು ಮುಖ ತೋರಿಸದೆ ಕೂತರೆ ಅವರು ಎಂತ ಗ್ರಹಿಸುವುದಿಲ್ಲ?" ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ಎಳೆದು ಉಟ್ಟೆ. ಅವರಿಗೊಂದು ಪಂಚೆ ಎಸೆದೆ.

ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಸ್ಯಾಕ್ಸೋಫೋನ್ ನಿಂತಿತು. ಹಾಡು ಮುಗಿದು ನಿಂತದ್ದಲ್ಲ. ಸಾಲಿನ ನಡುವೆ, ಮಾತಾಡುತ್ತಿದ್ದವರು ಬಾಯಿ ತೆರೆದಿಟ್ಟು ಸುಮ್ಮನಾದ ಹಾಗೆ. ಅಯ್ಯೋ ದೇವರೇ, ಊದುವವರಿಗೆ ಉಸಿರು ಕಡಿದುಹೋಯಿತು, ಅದೂ ಮುಹೂರ್ತದ ಹೊತ್ತಿನಲ್ಲಿ! ಬರಿಗಾಲಲ್ಲೇ ಮೆಟ್ಟಿಲು ಇಳಿದು ಓಡಿದೆ. ಅರ್ಧ ಉಟ್ಟ ಪಂಚೆ ಹಿಡಿದುಕೊಂಡು ಹರೀಶರೂ ನನ್ನ ಹಿಂದೆ ಬಂದರು.

ಬಾಗಿಲು ತೆರೆದವರು ಅರವತ್ತು ದಾಟಿದ ಹೆಂಗಸು. ನೈಟಿಯಲ್ಲಿದ್ದರು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಒಳಗೆ ನೆಂಟರೂ ಇಲ್ಲ, ಹೂವೂ ಇಲ್ಲ. ಕಪಾಟಿನಷ್ಟು ಎತ್ತರದ ಎರಡು ಸ್ಪೀಕರ್‌ಗಳು ಮಾತ್ರ ಇದ್ದವು. ಅಷ್ಟರಲ್ಲಿ ಸ್ಯಾಕ್ಸೋಫೋನ್ ಮತ್ತೆ ಶುರುವಾಗಿತ್ತು.

"ಮದುವೆ ಯಾರದ್ದು?" ಎಂದೆ.

ಅವರು ನನ್ನ ಸೀರೆ ನೋಡಿದರು, ಹಿಂದಿದ್ದ ಹರೀಶರ ಪಂಚೆಯ ಅವಸ್ಥೆ ನೋಡಿದರು. "ಮದ್ವೆನಾ? ನಂದೊಂದು ಆಗಿ ಮುಗ್ದಿದೆ ಕಣ್ರೀ. ಇನ್ನೊಂದ್ ಮಾಡ್ಕೊಳ್ಳೋ ಐಡಿಯಾ ಸದ್ಯಕ್ಕಿಲ್ಲ."

ಲೀಲಾ ಮೇಡಂ ನನಗೆ ಪರಿಚಯವಾದದ್ದು ಹೀಗೆ. ನಾಚಿಕೆಯಿಂದ ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಅವರೇ ಒಳಗೆ ಕರೆದು ಕಾಫಿ ಕೊಟ್ಟು, ಕೇಳುತ್ತಿದ್ದದ್ದು ಜಾಝ್ ಎಂದು ಹೇಳಿದರು. ಅಮೆರಿಕದ ಕಡೆ ಹುಟ್ಟಿದ ಸಂಗೀತ. ಒಂದು ಸಣ್ಣ ರಾಗವನ್ನು ಹಿಡಿದುಕೊಂಡು ಒಬ್ಬೊಬ್ಬರಾಗಿ ಸರದಿಯಲ್ಲಿ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾರೆ, ನಮ್ಮಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಹಾಗೆ. ನಾನು ಅರ್ಧ ಕಾಫಿ ಬಿಟ್ಟು ಮೇಲೆ ಬಂದೆ. ಆ ನಡುವೆ ನಿಂತ ಸದ್ದು ಮಾತ್ರ ಕಿವಿಯಿಂದ ಹೋಗಲಿಲ್ಲ.

ನಾನು ಹಾಗೆ ಓಡಿದ್ದಕ್ಕೆ ಕಾರಣ ಉಂಟು. ನಮ್ಮದು ಕಾರ್ಕಳದ ಕಡೆಯ ವಾದ್ಯದವರ ಮನೆ. ಅಪ್ಪ ಸ್ಯಾಕ್ಸೋಫೋನ್, ತಮ್ಮ ಡೋಲು, ಅಮ್ಮ ಬೀಡಿ ಕಟ್ಟುತ್ತಾರೆ. ನಾನು ಅಪ್ಪನಿಂದ ಕಲಿತೆ. ಅಪ್ಪ ಬಿಸಿ ಚಹಾ ಕುಡಿದು ಲೋಟ ಕೆಳಗಿಡುವವರೆಗೆ ನಾನು ಒಂದೇ ಷಡ್ಜ ಹಿಡಿದು ನಿಲ್ಲಬೇಕಿತ್ತು. ಅವರು ಬೇಕೆಂತಲೇ ಊದಿ ಊದಿ ನಿಧಾನ ಕುಡಿಯುತ್ತಿದ್ದರು. ಯಾಕೆ ಎಂದು ಕೇಳಿದರೆ, ಧಾರೆಯ ಹೊತ್ತಿಗೆ ತಿಳಿಯುತ್ತದೆ ಎನ್ನುತ್ತಿದ್ದರು. ಧಾರೆಯಾಗಿ ಮಾಂಗಲ್ಯ ಕಟ್ಟಿ ಮುಗಿಯುವವರೆಗೆ ಗಟ್ಟಿಮೇಳ ನಡುವೆ ಕಡಿಯಬಾರದು. ಆ ಗಳಿಗೆಯಲ್ಲಿ ಯಾರದೋ ಸೀನು, ಯಾರದೋ ಬೇಡದ ಮಾತು ಮದುಮಕ್ಕಳ ಕಿವಿಗೆ ಬಿದ್ದರೆ ಒಳ್ಳೆಯದಲ್ಲ. ಅದನ್ನು ಮುಚ್ಚುವುದೇ ನಮ್ಮ ಕೆಲಸ.

ಮೂವತ್ತು ದಾಟಿದ ಮೇಲೆ ನನಗೆ ನ್ಯುಮೋನಿಯಾ ಬಂತು. ಗುಣವಾಯಿತು, ಆದರೆ ಉಸಿರು ಮೊದಲಿನ ಹಾಗೆ ಸಿಗಲಿಲ್ಲ. ಅಪ್ಪ ಬೇರೆ ಕಡೆ ಹೋಗಿದ್ದ ಒಂದು ಮದುವೆ ದಿನ ತಮ್ಮನ ಜೊತೆ ನಾನೊಬ್ಬಳೇ ಊದುತ್ತಿದ್ದೆ. ಗಟ್ಟಿಮೇಳದ ನಡುವೆ ಎದೆ ಖಾಲಿಯಾಯಿತು. ತುಟಿ ಊದುವ ತುದಿಯ ರೀಡಿನ ಮೇಲೇ ಇತ್ತು, ಗಾಳಿಯೇ ಇರಲಿಲ್ಲ. ಪುರೋಹಿತರು ತಲೆ ಎತ್ತಿ ನೋಡಿದರು. ತಮ್ಮ ಹುಚ್ಚು ಹಿಡಿದವನ ಹಾಗೆ ಡೋಲು ಬಡಿದು ಮುಚ್ಚಲು ನೋಡಿದ. ಆದರೂ ಹೆಣ್ಣಿನ ಕಡೆಯ ಅಜ್ಜಿಯೊಬ್ಬರು "ಎಂತ, ವಾದ್ಯ ನಿಂತಿತಾ?" ಎಂದದ್ದು ಚಪ್ಪರಕ್ಕೆಲ್ಲ ಕೇಳಿಸಿತು. ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಮದುವೆಗಳಿಗೆ ಅಪ್ಪನೇ ಹೋಗತೊಡಗಿದರು. ಹರೀಶರಿಗೆ ಯಶವಂತಪುರದ ಲಾರಿ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಬೆಂಗಳೂರಿಗೆ ಹೊರಡಲು ಅವರಿಗಿಂತ ಅವಸರ ನನಗಿತ್ತು. ಸ್ಯಾಕ್ಸೋಫೋನನ್ನು ಪೆಟ್ಟಿಗೆ ಸಮೇತ ತಂದು ಮಂಚದ ಕೆಳಗೆ ತಳ್ಳಿದೆ. ಬಲವಂತ ಮಾಡದೆ ಊದಬಹುದು ಎಂದು ಡಾಕ್ಟರು ಹೇಳಿದ್ದರು. ನನಗೇ ಧೈರ್ಯವಿರಲಿಲ್ಲ.

ಹೊಸ ಊರಿನಲ್ಲಿ ಮೊದಲು ಸೋತದ್ದು ನನ್ನ ನಾಲಿಗೆ. ನಮ್ಮ ಮನೆಮಾತು ತುಳು. ಕನ್ನಡ ಶಾಲೆಯಲ್ಲಿ ಕಲಿತದ್ದು. ತರಕಾರಿ ಗಾಡಿಯವನ ಹತ್ತಿರ "ಬದನೆಕಾಯಿ ಉಂಟಾ?" ಎಂದರೆ ಅವನು ಬದನೆಕಾಯಿ ಬಿಟ್ಟು ನನ್ನ ಮುಖ ನೋಡುತ್ತಾನೆ. ಹೆಬ್ಬಾಳದ ಫ್ಲೈಓವರ್ ಮೇಲೆ ಆಟೋ ಸಿಕ್ಕಿಹಾಕಿಕೊಂಡು ನಿಂತಿದ್ದಾಗ ಚಾಲಕ ತಿರುಗಿ, "ಮೇಡಂ, ನೀವ್ ಯಕ್ಷಗಾನದೋರಾ? ಪುಸ್ತಕ ಓದ್ದಂಗೆ ಮಾತಾಡ್ತೀರಲ್ಲ," ಎಂದ. ಇಲ್ಲಿ ಸ್ಕೂಟರಿನ ಹುಡುಗರು ಒಬ್ಬರನ್ನೊಬ್ಬರು 'ಮಗಾ' ಎನ್ನುತ್ತಾರೆ. ಗೆಳೆಯ ಎಂದು ಅರ್ಥ. 'ಗುರು' ಎಂದರೂ ಅದೇ. ನನಗೆ ಗುರು ಎಂದರೆ ಅಪ್ಪ, ಕಾಲು ಮುಟ್ಟದೆ ವಾದ್ಯ ಎತ್ತುವ ಹಾಗಿಲ್ಲ. ಇಲ್ಲಿ ಪಾನಿಪೂರಿ ಗಾಡಿಯ ಮುಂದೆ "ಗುರು, ಸ್ವಲ್ಪ ಖಾರ ಹಾಕು" ಎನ್ನುವುದನ್ನು ಕೇಳಿದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿ ನಕ್ಕೆ. ಫೋನ್ ಇಟ್ಟ ಮೇಲೆ ಅತ್ತೆ.

ಊಟವೂ ಹಾಗೆಯೇ. ಕುಚ್ಚಲಕ್ಕಿ ಸಿಗುತ್ತದೆ, ಆದರೆ ಅಂಗಡಿಯವನು ಅದನ್ನು ಔಷಧಿಯ ಹಾಗೆ ಒಳಗಿನಿಂದ ತಂದುಕೊಡುತ್ತಾನೆ. ಮೀನು ಕೊಂಡರೆ ಅದು ಸಮುದ್ರ ಬಿಟ್ಟು ನನಗಿಂತ ಮೊದಲೇ ಬೆಂಗಳೂರಿಗೆ ಬಂದು ನೆಲೆಸಿದ ಹಾಗೆ ಕಾಣುತ್ತದೆ. ಮನೆಯ ಯಜಮಾನಿ ಜಯಮ್ಮ ಮೊದಲ ವಾರವೇ ಮುದ್ದೆ, ಸೊಪ್ಪಿನ ಸಾರು ಕೊಟ್ಟು ಎದುರಿಗೇ ಕೂತರು. ನಾನು ಮುದ್ದೆಯನ್ನು ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬಾರ್ದು ಕಣವ್ವಾ, ನುಂಗ್ಬೇಕು. ಇಂಗೆ," ಎಂದು ಜಯಮ್ಮ ಒಂದು ತುತ್ತು ಸಾರಿನಲ್ಲಿ ಅದ್ದಿ ನುಂಗಿ ತೋರಿಸಿದರು.

ಜಯಮ್ಮನವರದು ತಣಿಸಂದ್ರದ ಹಳೆಯ ಒಕ್ಕಲು ಮನೆತನ. ನಮ್ಮ ಬಿಲ್ಡಿಂಗ್ ನಿಂತಿರುವ ಜಾಗದಲ್ಲಿ ಮೊದಲು ರಾಗಿಯೂ ಅವರೆಯೂ ಬೆಳೆಯುತ್ತಿದ್ದವಂತೆ. ಈಗ ಅವರಿಗೆ ಬಾಡಿಗೆ ಬರುತ್ತದೆ, ಆದರೆ ಚಳಿಗಾಲ ಬಂದರೆ ಕೈ ಸುಮ್ಮನಿರುವುದಿಲ್ಲ. ಅವರೆಕಾಯಿಯನ್ನು ಮೂಟೆಗಟ್ಟಲೆ ಕೊಂಡು ತರುತ್ತಾರೆ. "ಒಲ ಹೋಯ್ತು ಅಂತ ಅವರೆಕಾಯಿ ಬಿಡಕಾಯ್ತದಾ?" ಎನ್ನುತ್ತಾರೆ. ಕಾಳು ಬಿಡಿಸಿ ನೀರಿನಲ್ಲಿ ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿದುಕಿ ಸಿಪ್ಪೆಯಿಂದ ಹೊರಗೆ ಹಾರಿಸಬೇಕು. ಅದೇ ಹಿದುಕಿದ ಬೇಳೆ. ಇಡೀ ಬೆಂಗಳೂರು ಅದಕ್ಕೆ ಸಾಯುತ್ತದೆ. ಜಯಮ್ಮ ಆ ಬೋಗುಣಿಯನ್ನು ಹೊತ್ತುಕೊಂಡು ಹೋಗುತ್ತಿದ್ದದ್ದು ಲೀಲಾ ಮೇಡಂ ಮನೆಗೆ. ಭಾನುವಾರ ಬೆಳಿಗ್ಗೆ ಅಲ್ಲಿ ಕೂತು ಹಿದುಕುತ್ತಾ ಜಾಝ್ ಕೇಳುವುದು ಇಬ್ಬರಿಗೂ ರೂಢಿ. ಒಂದು ದಿನ ನನ್ನನ್ನೂ ಕರೆದರು. ಕೈ ಕೆಲಸ ಎಂದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೋದೆ.

ಲೀಲಾ ಮೇಡಂ ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. "ಬರೀ ಹಲೋ ಹಲೋ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು ಕಣ್ರೀ. ರಿಟೈರ್ ಆದ್ಮೇಲೆ ಮಾತಿಲ್ದೇ ಇರೋದೇನಾದ್ರೂ ಕೇಳ್ಬೇಕು ಅನ್ನಿಸ್ತು," ಎಂದರು. ಅವರಿಗೊಂದು ಹಟ ಉಂಟು. ಕೇಳುವುದೆಲ್ಲ ಈಗ ಬದುಕಿ ನುಡಿಸುತ್ತಿರುವವರದ್ದೇ ಆಗಬೇಕು. "ಜಾಝ್ ಅಂದ್ರೆ ಸಾಕು, ಎಲ್ರೂ ಸತ್ತೋರ್ ಹೆಸ್ರೇ ಹೇಳ್ತಾರೆ. ದೊಡ್ಡೋರು, ನಿಜ, ಕೈ ಮುಗಿಯೋಣ. ಆದ್ರೆ ಇವತ್ತು ಬೆಳಿಗ್ಗೆ ಎದ್ದು ಊದ್ತಾ ಇರೋರ್ ಗತಿ ಏನು? ಅವ್ರನ್ನ ಕೇಳೋರ್ ಯಾರು?" ಹೊಸ ರೆಕಾರ್ಡಿಂಗುಗಳನ್ನು ಹುಡುಕಿ ಹುಡುಕಿ ಇಡುತ್ತಾರೆ. ಒಂದೊಂದನ್ನೂ ಮೊದಲು ಅವರೆಕಾಳು ಹಿದುಕುತ್ತಾ ಕೇಳಬೇಕು, ಆಮೇಲೆ ಸುಮ್ಮನೆ ಕೂತು, ಕೊನೆಗೆ ಒಂದೇ ವಾದ್ಯದ ಬೆನ್ನು ಹಿಡಿದು. ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವುದು ಮೊದಲ ಸಲದಲ್ಲೇ. "ಹಿದುಕ್ತಾ ಇರೋ ಕೈ ತಾನಾಗೇ ನಿಂತ್ರೆ ರೆಕಾರ್ಡಿಂಗ್ ಇಟ್ಕೊಳ್ಳೋದು. ನಿಲ್ಲದಿದ್ರೆ, ಪರ್ವಾಗಿಲ್ಲ, ಬೇಳೆಯಾದ್ರೂ ಆಯ್ತು."

ಕಲಾವಿದರ ಹೆಸರುಗಳು ನನ್ನ ಬಾಯಿಗೆ ಈಗಲೂ ಸರಿಯಾಗಿ ಬರುವುದಿಲ್ಲ. ತಪ್ಪು ಬರೆಯುವುದಕ್ಕಿಂತ ಜಯಮ್ಮ ಇಟ್ಟ ಹೆಸರುಗಳೇ ಕ್ಷೇಮ. ಒಬ್ಬ ಡ್ರಮ್ಸ್ ನುಡಿಸುವವನಿದ್ದಾನೆ, ಕೋಲಿನ ಬದಲು ತಂತಿಯ ಕುಂಚದಿಂದ ಡ್ರಮ್ಮನ್ನು ಸವರುತ್ತಾನೆ. ಜಯಮ್ಮನ ಪಾಲಿಗೆ ಅವನು 'ಕಸ ಗುಡ್ಸೋನು'. ಅವನ ರೆಕಾರ್ಡಿಂಗ್ ಒಂದು ಸಣ್ಣ ಸಭೆಯಲ್ಲಿ ಮಾಡಿದ್ದು, ಹಿಂದೆ ಯಾರೋ ಕೆಮ್ಮುವುದು ಕೂಡ ಕೇಳುತ್ತದೆ. ಬೆಳಗಿನ ಹೊತ್ತು ಅಂಗಳ ಗುಡಿಸುವ ಸದ್ದಿಗೇ ಎಚ್ಚರವಾಗುತ್ತಿದ್ದ ನನಗೆ ಅದು ಬಹಳ ಬೇಗ ಹಿಡಿಸಿತು. ಇನ್ನೊಬ್ಬಳು ಚಿಕ್ಕ ವಯಸ್ಸಿನ ಸ್ಯಾಕ್ಸೋಫೋನ್ ವಾದಕಿ. ಅವಳ ಜೊತೆ ಇಬ್ಬರು ಡ್ರಮ್ಸಿನವರು, ಮೂವರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಅವಳು 'ಜಗಳಗಂಟಿ'. ಮೊದಲ ಸಲ ಕೇಳಿದಾಗ ನನಗೆ ತಲೆನೋವು ಬಂತು. ಮೂರನೆಯ ಸಲ ಬರೀ ಅವಳ ಬೆನ್ನು ಹಿಡಿದು ಕೇಳಿದೆ. ಅಬ್ಬಬ್ಬಾ, ಎಂಥಾ ಹಿಡಿತ! ಗಲಾಟೆಯ ನಡುವೆ ಒಂದು ಸ್ವರವೂ ಜಾರಿರಲಿಲ್ಲ. ಮತ್ತೊಬ್ಬ ಪಿಯಾನೋದವನು, ಆಫ್ರಿಕಾದ ತುದಿಯ ಊರಿನವನು, ಇಗರ್ಜಿಯ ಹಾಡಿನಂಥ ಸರಳ ರಾಗಗಳನ್ನು ನುಡಿಸುತ್ತಾನೆ. ಅವನಿಗೆ ಜಯಮ್ಮ ಹೆಸರಿಡಲಿಲ್ಲ. "ಇವ್ನು ಒಳ್ಳೆಯೋನು," ಎಂದರು ಅಷ್ಟೇ.

ನನಗೆ ಎಲ್ಲಕ್ಕಿಂತ ವಿಚಿತ್ರ ಕಂಡದ್ದು ಅವರು ಕೇಳುವ ರೀತಿ. ಊರಿನಲ್ಲಿ ಅಪ್ಪ ಜೀವಮಾನವಿಡೀ ಊದಿದ್ದಾರೆ, ಸಾವಿರಾರು ಜನರ ಎದುರು. ಕೂತು ಕೇಳಿದವರು ಎಷ್ಟು ಮಂದಿ? ಜನ ಮಾತಾಡುತ್ತಾರೆ, ಉಡುಗೊರೆ ಕೊಡುತ್ತಾರೆ, ಎಲೆ ಹಾಕಿದ್ದಾರೆಂದು ಓಡುತ್ತಾರೆ. ವಾದ್ಯ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನಿಂತರೆ ಮಾತ್ರ ಗೊತ್ತಾಗುತ್ತದೆ. ಇಲ್ಲಿ ಲೀಲಾ ಮೇಡಂ ಮೊಬೈಲ್ ಆರಿಸಿ, ಕುಕ್ಕರ್ ಇಳಿಸಿ, ಎಲ್ಲಿಯೋ ಇರುವ ಒಬ್ಬನ ಊದುವಿಕೆಯನ್ನು ಕಣ್ಣು ಮುಚ್ಚಿ ಕೇಳುತ್ತಾರೆ. ಅಪ್ಪನನ್ನು ಯಾರಾದರೂ ಒಮ್ಮೆಯಾದರೂ ಹೀಗೆ ಕೇಳಿದ್ದರೆ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಒಂದು ಭಾನುವಾರ ಲೀಲಾ ಮೇಡಂ ನಾನು ರೇಷ್ಮೆ ಸೀರೆ ಉಟ್ಟು ಓಡಿಬಂದ ದಿನದ ರೆಕಾರ್ಡಿಂಗನ್ನೇ ಹಾಕಿದರು. ಉತ್ತರ ಧ್ರುವದ ಹತ್ತಿರದ ಯಾವುದೋ ಚಳಿ ದೇಶದವನದ್ದು. ಒಂದು ಸ್ಯಾಕ್ಸೋಫೋನ್, ಒಂದು ಪಿಯಾನೋ, ಆಳೆತ್ತರದ ಪಿಟೀಲಿನಂತಿರುವ ಬೇಸ್, ಅಷ್ಟೇ. ಎಷ್ಟು ಮೆಲ್ಲಗೆ ಊದುತ್ತಾನೆಂದರೆ ವಾದ್ಯದ ಕೀಲಿ ಒತ್ತುವ ಟಿಕ್ ಟಿಕ್ ಕೂಡ ಕೇಳುತ್ತದೆ. ಊದುತ್ತಾ ಊದುತ್ತಾ, ಅದೇ ಜಾಗದಲ್ಲಿ, ನಿಂತ.

"ಇವ್ನಿಗೆ ಯಾವಾಗ್ಲೂ ಇಂಗೇಯಾ," ಎಂದರು ಜಯಮ್ಮ. "ಪಾಪ, ಉಸಾರಿಲ್ವೇನೋ."

"ಉಷಾರಾಗೇ ಇದಾನೆ ಕಣಮ್ಮಾ. ಬೇಕು ಅಂತ್ಲೇ ನಿಲ್ಸೋದು ಅವ್ನು," ಎಂದರು ಲೀಲಾ ಮೇಡಂ.

ನನಗೆ ಕೋಪ ಬಂತು. ಬೇಕೆಂದು ಯಾರಾದರೂ ನಿಲ್ಲಿಸುತ್ತಾರಾ? ನಿಲ್ಲುವುದು ಎಂದರೆ ಏನೆಂದು ಇವರಿಗೇನು ಗೊತ್ತು? "ಮೇಡಂ, ಅದೊಂದು ಜಾಗ ಮತ್ತೆ ಹಾಕ್ತೀರಾ?" ಎಂದೆ. ಹಾಕಿದರು. ಸ್ಪೀಕರಿನ ಹತ್ತಿರ ಹೋಗಿ ಕೂತೆ. ಮತ್ತೊಮ್ಮೆ ಕೇಳಿದೆ, ಇನ್ನೊಮ್ಮೆ ಕೇಳಿದೆ.

ಊದುವವರಿಗೆ ಮಾತ್ರ ಗೊತ್ತಾಗುವ ಒಂದು ವಿಷಯ ಉಂಟು. ಉಸಿರು ಮುಗಿದು ನಿಂತವನು ಮತ್ತೆ ಶುರು ಮಾಡುವ ಮೊದಲು ಗಾಳಿ ಎಳೆದುಕೊಳ್ಳಲೇಬೇಕು. ಎಷ್ಟು ಕದ್ದು ಎಳೆದರೂ ಸಣ್ಣದೊಂದು ಸದ್ದು ಬರುತ್ತದೆ. ಕೀಲಿಯ ಟಿಕ್ ಕೂಡ ಕೇಳುವ ಈ ರೆಕಾರ್ಡಿಂಗಿನಲ್ಲಿ ಆ ಸದ್ದು ಇರಲಿಲ್ಲ. ಅವನು ನಿಂತ, ಸುಮ್ಮನಿದ್ದ, ಪಿಯಾನೋದವನಿಗೆ ಒಂದು ಮಾತು ಹೇಳಲು ಬಿಟ್ಟ, ಆಮೇಲೆ ಅದೇ ಉಸಿರಿನಲ್ಲಿ ಮುಂದುವರಿಸಿದ. ಎದೆಯಲ್ಲಿ ಗಾಳಿ ಇತ್ತು. ಇದ್ದೂ ನಿಲ್ಲಿಸಿದ್ದ!

ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಜಯಮ್ಮ ಒದ್ದೆ ಕೈಯಲ್ಲೇ ನನ್ನ ಬೆನ್ನು ಸವರಿದಾಗ. "ಯಾಕವ್ವಾ? ಊರು ನೆಪ್ಪಾಯ್ತಾ?" ಎಂದರು. ಅಳುವ ಹಾಗೆ ಏನೂ ಆಗಿರಲಿಲ್ಲ. ಬಹಳ ಕಾಲದಿಂದ ಬಿಗಿಹಿಡಿದದ್ದೊಂದು ಸಡಿಲಾಗಿತ್ತು, ಅಷ್ಟೇ. ಅವತ್ತು ಮೊದಲ ಬಾರಿಗೆ ಆ ಮದುವೆಯ ಕತೆಯನ್ನು ಅವರಿಬ್ಬರಿಗೂ ಹೇಳಿದೆ. ಲೀಲಾ ಮೇಡಂ ಎಲ್ಲ ಕೇಳಿ, "ಮಂಚದ್ ಕೆಳಗ್ ಸ್ಯಾಕ್ಸೋಫೋನ್ ಇಟ್ಕೊಂಡು ನನ್ ಮನೇಲಿ ಅವರೆಕಾಳ್ ಹಿದುಕ್ತಾ ಇದೀರಲ್ರೀ, ನಿಮ್ಗೆ ಬುದ್ಧಿ ಇದ್ಯಾ?" ಎಂದು ಬೈದರು. ಬೈಗುಳ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಹರೀಶರು ಕೆಲಸಕ್ಕೆ ಹೋದ ಮೇಲೆ ಪೆಟ್ಟಿಗೆ ಎಳೆದೆ. ರೀಡು ಒಣಗಿ ಬಿಳಿಚಿಕೊಂಡಿತ್ತು, ಒಂದೆರಡು ಕೀಲಿ ಅಂಟಿಕೊಂಡಿದ್ದವು. ಒರೆಸಿ, ಊರಿನ ದಿಕ್ಕಿಗೆ ಕೈಮುಗಿದು, ಊದಿದೆ. ಮೊದಲು ಬಂದದ್ದು ಕರುವಿನ ಕೂಗು. ಆಮೇಲೆ ಸ್ವರ ಬಂತು. ಎದೆ ಸಾಲದಾಗುವ ಮುಂಚೆಯೇ, ಇನ್ನೂ ಗಾಳಿ ಇರುವಾಗಲೇ, ನಾನಾಗಿ ನಿಲ್ಲಿಸಿ ನೋಡಿದೆ. ಕಷ್ಟ! ಬೆರಳು, ತುಟಿ ಎಲ್ಲ ಮುಂದೆ ಮುಂದೆ ಎನ್ನುತ್ತಿದ್ದವು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಬಾಡಿಗೆ ಮನೆಯಲ್ಲಿ ಗಲಾಟೆ ಬೇಡ ಎಂದು ಹೇಳಲು ಬಂದರೆಂದು ಹೆದರಿ ಬಾಗಿಲು ತೆರೆದರೆ ಜಯಮ್ಮ.

"ಏನವ್ವಾ, ನಿಲ್ಲಿಸ್ಬುಟ್ಟೆ? ಊದು ಊದು. ಮನೇಲಿ ವಾಲಗ ಊದಿದ್ರೆ ಒಳ್ಳೇದು ಕಣವ್ವಾ. ನಮ್ಮ ಮಗಳು ಮಾಕಳೀಲಿ ಮನೆ ಕಟ್ಟವ್ಳೆ. ಅಬ್ಬ ಆದ್ಮೇಲೆ ಗೃಹಪ್ರವೇಶ. ನೀನು ಬರ್ಬೇಕು, ಊದ್ಬೇಕು."

ಸಂಕ್ರಾಂತಿ ಹಬ್ಬಕ್ಕೆ ಹೆಚ್ಚು ದಿನ ಇರಲಿಲ್ಲ. ಆಗುವುದಿಲ್ಲ ಎಂದೆ. ಮಂಗಳ ಕಾರ್ಯದಲ್ಲಿ ನನ್ನ ಉಸಿರನ್ನು ನಂಬಬೇಡಿ ಎಂದೆ. ಪೂಜೆಗೆ ಅಲ್ಲಿಯ ವಾಲಗದವರೇ ಬರುತ್ತಾರೆ, ನೀನು ಊಟದ ಹೊತ್ತಿಗೆ ನಾಲ್ಕು ಹಾಡು ಊದಿದರೆ ಸಾಕು ಎಂದರು. ನಾನು ದಿನಾ ಅಭ್ಯಾಸಕ್ಕೆ ಕೂತೆ. ಈ ನಡುವೆ ಲೀಲಾ ಮೇಡಂ ನನ್ನನ್ನು ಸಂಜಯನಗರಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಮನೆಯ ಮಹಡಿಯಲ್ಲಿ ನಮ್ಮ ಊರಿನವರೇ ಆದ ಹುಡುಗ ಹುಡುಗಿಯರು ಜಾಝ್ ನುಡಿಸುತ್ತಿದ್ದರು. ನೋಡಿ, 'ನಮ್ಮ ಊರಿನವರು' ಎಂದು ಬರೆದೆ. ಬೆಂಗಳೂರಿನವರು ಎನ್ನಬೇಕಿತ್ತು, ಕೈ ಹಾಗೇ ಬರೆಯಿತು. ವಾದ್ಯ ನುಡಿಸುವ ಕಡೆ ಎಂದು ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಎಲ್ಲರೂ ಬೂಟು ಹಾಕಿ ಕೂತಿದ್ದರು. ಒಬ್ಬನ ಸರದಿ ಮುಗಿದ ಕೂಡಲೇ, ಹಾಡು ಇನ್ನೂ ನಡೆಯುತ್ತಿರುವಾಗಲೇ, ಜನ ಚಪ್ಪಾಳೆ ತಟ್ಟಿದರು. ಗಾಬರಿಯಾದರೂ ಎರಡನೆಯ ಸಲ ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ.

ಮಾಕಳಿಯ ಗೃಹಪ್ರವೇಶದ ದಿನ ಪೂಜೆ ಮುಗಿದು ಜನ ಊಟಕ್ಕೆ ಏಳುತ್ತಿದ್ದರು. ನಾಗಸ್ವರದವರು ಕೈ ತೊಳೆಯಲು ಹೋದರು. ಡೋಲಿನ ನಂಜಪ್ಪ ಮಾತ್ರ ನನ್ನ ಜೊತೆ ಉಳಿದರು. ಐವತ್ತರ ಆಸುಪಾಸಿನ ಮನುಷ್ಯ, ಅವತ್ತೇ ಮೊದಲು ನೋಡಿದ್ದು. "ಅಣ್ಣಾ, ನನಗೆ ಉಸಿರು ಸಾಲುವುದಿಲ್ಲ, ನಡುವೆ ನಡುವೆ ನಿಲ್ಲಿಸುತ್ತೇನೆ," ಎಂದು ಮೊದಲೇ ಹೇಳಿದೆ.

"ನಿಲ್ಲಿಸಿ ಅಕ್ಕಾ, ಅದಕ್ಕೇನಂತೆ? ನಿಲ್ಲಿಸಿದ್ರೆ ತಾನೆ ನಾನು ಮಾತಾಡಕಾಗೋದು," ಎಂದರು.

ಊದಿದೆ. ಅಪ್ಪ ಕಲಿಸಿದ ರಾಗವೇ. ಸಾಲಿನ ಅರ್ಧಕ್ಕೆ, ಎದೆಯಲ್ಲಿ ಗಾಳಿ ಇರುವಾಗಲೇ, ನಿಲ್ಲಿಸಿದೆ. ಒಂದು ಗಳಿಗೆ ಆ ಹಳೆಯ ಚಪ್ಪರ, ತಲೆ ಎತ್ತಿದ ಪುರೋಹಿತರು, ಎಲ್ಲ ಕಣ್ಣೆದುರು ಬಂತು. ಅಷ್ಟರಲ್ಲಿ ನಂಜಪ್ಪನ ಡೋಲು ನನ್ನದೇ ಸಾಲನ್ನು ಹಿಡಿದುಕೊಂಡು ಉತ್ತರ ಹೇಳಿತು. ತಮ್ಮ ಅವತ್ತು ಮುಚ್ಚಲು ಬಡಿದಿದ್ದ, ಪಾಪ. ಇವರು ಮುಚ್ಚಲಿಲ್ಲ. ನಾನು ಮತ್ತೆ ಊದಿದೆ, ಮತ್ತೆ ನಿಲ್ಲಿಸಿದೆ. ಊಟದ ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ, ಹೋಳಿಗೆ ಬರುವ ಹೊತ್ತು. ಲೀಲಾ ಮೇಡಂ ಮಾತ್ರ ಎಲೆಯ ಮುಂದೆ ಕೈಯಾಡಿಸದೆ ಕೂತಿದ್ದರು. ಪಕ್ಕದಲ್ಲಿದ್ದ ಜಯಮ್ಮ ಆ ನಿಂತ ಕೈಯನ್ನು ತೋರಿಸಿ ನನ್ನತ್ತ ಕಣ್ಣು ಮಿಟುಕಿಸಿದರು. ಸಮಾಧಾನ ಎಂದರೆ ಏನೆಂದು ನನಗೆ ತಿಳಿದದ್ದು ಅವತ್ತು. ಆಮೇಲೆ ನಾನು ತಿಂದ ಹೋಳಿಗೆಗಳ ವಿಷಯ ಇಲ್ಲಿ ಬೇಡ.

ಚಿಕ್ಕಪ್ಪನ ಮಗಳ ಮದುವೆಗೆಂದು ಮೊನ್ನೆ ಊರಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ನನ್ನನ್ನು ನೋಡಿದ್ದೀರಿ, "ಬೆಂಗಳೂರಿನವಳಾದಿ" ಎಂದೂ ಹೇಳಿದ್ದೀರಿ. ಬಸ್ ಇಳಿದು ರಿಕ್ಷಾದವನಿಗೆ "ಎಷ್ಟಾಗುತ್ತೆ ಗುರು?" ಎಂದು ಕೇಳಿದ್ದು ನಾನೇ. ಅವನು ಕನ್ನಡ ಬಾರದವಳೆಂದುಕೊಂಡು ಹಿಂದಿಯಲ್ಲಿ ಉತ್ತರ ಕೊಟ್ಟ.

ಮದುವೆಯ ಮುನ್ನಾದಿನ ಸಂಜೆ ಮನೆಯ ಜಗಲಿಯಲ್ಲಿ ಎಲ್ಲರೂ ಇದ್ದೆವು. ಅಪ್ಪ ಚಹಾ ಲೋಟ ಹಿಡಿದು ಕೂತಿದ್ದರು. ಅಮ್ಮ ಗೋಡೆಗೆ ಒರಗಿ ಎಲೆ, ಹೊಗೆಸೊಪ್ಪಿನ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಆ ಕೈ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅಪ್ಪ ಊದಲಿ, ನಾನು ಊದಲಿ, ತಮ್ಮ ಡೋಲು ಬಡಿಯಲಿ, ಕತ್ತರಿ ಎಲೆಯನ್ನು ಕಚಕಚ ಕತ್ತರಿಸುತ್ತಲೇ ಇರುತ್ತದೆ.

"ಊದ್ತಿ ಅಂತ ಹರೀಶ ಹೇಳಿದ. ಊದು, ಕೇಳುವ," ಎಂದರು ಅಪ್ಪ.

ಕಾಲು ಮುಟ್ಟಿ ಶುರು ಮಾಡಿದೆ. ನಿಲ್ಲಿಸಿದ ಕೂಡಲೇ ತಮ್ಮ ಗಾಬರಿಯಿಂದ ಡೋಲಿಗೆ ಕೈ ಹಾಕಿದ. ಬೇಡ ಎಂದು ಸನ್ನೆ ಮಾಡಿದೆ. ಆ ಮೌನದಲ್ಲಿ ಅಮ್ಮನ ಕತ್ತರಿ ಒಂದೇ ಕೇಳುತ್ತಿತ್ತು. ಮತ್ತೆ ಊದಿದೆ, ಇನ್ನೂ ಮೆಲ್ಲಗೆ, ಕೀಲಿಯ ಸದ್ದು ಕೇಳುವಷ್ಟು. ಮತ್ತೆ ನಿಲ್ಲಿಸಿದೆ.

"ಉಸಿರು ಕಡಿಯಿತಾ ಮಗಾ?" ಎಂದರು ಅಪ್ಪ. ಅವರ ಧ್ವನಿಯಲ್ಲಿ ಹೆದರಿಕೆ ಇತ್ತು. ನನಗಿಂತ ಹೆಚ್ಚು ಅವರೇ ಹೆದರಿದ್ದರೆಂದು ನನಗೆ ಆಗಲೇ ತಿಳಿದದ್ದು.

"ಇಲ್ಲ ಅಪ್ಪ, ಉಂಟು. ನಾನೇ ನಿಲ್ಲಿಸಿದ್ದು."

ಅಪ್ಪ ಲೋಟ ಕೆಳಗಿಟ್ಟರು. "ನಾಳೆ ಧಾರೆಗೆ ನಾನೇ ಊದ್ತೇನೆ. ಅಲ್ಲಿ ಇದು ನಡೆಯುವುದಿಲ್ಲ. ಊಟದ ಹೊತ್ತಿಗೆ ನೀನು ಊದು," ಎಂದರು.

ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ನಾನು ಹುಟ್ಟಿದ ಊರಿನ ಮುಹೂರ್ತ ಇನ್ನು ನನ್ನದಲ್ಲ. ತಣಿಸಂದ್ರದಲ್ಲೂ ನಾನು ಜಾಝಿನವಳಲ್ಲ, ಲೀಲಾ ಮೇಡಂ ನನ್ನನ್ನು ಪರಿಚಯಿಸುವುದೇ "ನಮ್ಮ ಮದ್ವೆ ವಾಲಗದೋರು" ಎಂದು. ಅಲ್ಲಿ ಕೂತರೆ ಈ ಜಗಲಿ ನೆನಪಾಗುತ್ತದೆ, ಇಲ್ಲಿ ಕೂತರೆ ಆ ಅವರೆಕಾಳಿನ ಬೋಗುಣಿ. ಹೀಗೇ ಇರಲಿ ಅನ್ನಿಸಿತು. ಊದಲು ಎರಡೂ ಕಡೆ ಜಾಗ ಸಿಕ್ಕಿತ್ತಲ್ಲ.

ಆಗ ಗಮನಕ್ಕೆ ಬಂತು, ಕತ್ತರಿಯ ಸದ್ದು ಇರಲಿಲ್ಲ. ತಿರುಗಿ ನೋಡಿದೆ. ಅಮ್ಮ ಅರ್ಧ ಸುತ್ತಿದ ಬೀಡಿಯನ್ನು ಬೆರಳ ನಡುವೆ ಹಿಡಿದುಕೊಂಡು ಹಾಗೇ ಕೂತಿದ್ದರು, ನನ್ನನ್ನೇ ನೋಡುತ್ತಾ.

"ಎಂತ ನೋಡ್ತಿ? ಮುಂದಿನದ್ದು ಊದು ಮಾರಾಯ್ತಿ," ಎಂದರು. "ಬೀಡಿ ಬಿಚ್ಚಿಹೋಗ್ತದೆ."